ಹದಿನೇಳನೇ ನಲ್ಲಿ

"ಬಿಚ್ಚಬೇ ಬೂಟು! ಫೋಟೋ ಆತಲ್ಲ, ಇನ್ನೇನು ಅವನ್ನ ಹಾಕ್ಕೊಂಡು ಮದಿವಿ ಊಟಕ್ಕ ಹೊಂಟಿಯೇನು?"

ಮೇಸ್ತ್ರಿ ವಿನಾಯಕ ಒದರಿದ ರಭಸಕ್ಕೆ ಶಿವದೇವಿ ಒಂಟಿಗಾಲಿನಲ್ಲಿ ನಿಂತೇ ಇನ್ನೊಂದು ಕಾಲಿನ ಬೂಟು ಎಳೆದಳು. ಮೊಣಕಾಲು ಮುಟ್ಟುವ ಕರಿ ರಬ್ಬರ್ ಬೂಟು. ಹೊಸದು, ತಳದಲ್ಲಿ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ತೋಟದ ಕೆಲಸದ ಆರು ಹೆಂಗಸರಿಗೆ ಇದೊಂದೇ ಜೊತೆ. ಒಬ್ಬಳು ಹಾಕಿಕೊಂಡು, ಕೈಗೆ ಗ್ಲೌಸು ಏರಿಸಿ, ನೀರಿನ ಪೈಪು ಹಿಡಿದು ಮೊಬೈಲಿನ ಕಡೆ ನೋಡಬೇಕು. ಆಮೇಲೆ ಬಿಚ್ಚಿ ಪಕ್ಕದವಳಿಗೆ ದಾಟಿಸಬೇಕು. ಹುಲಿಗೆಮ್ಮನ ಪಾದ ಅಗಲ. ಬೆರಳು ಒಳಗೆ ಹೋದವು, ಹಿಮ್ಮಡಿ ಬೂಟಿನ ಕತ್ತಿನಲ್ಲೇ ಸಿಕ್ಕಿಕೊಂಡಿತು. ಅವಳು ಓಲಾಡುತ್ತ ನಿಂತಾಗ ವಿನಾಯಕ, "ಸೀರಿ ಕೆಳಗ ಬಿಡಬೇ, ಕಾಣಬಾರದು" ಎಂದ. ಫೋಟೋದಲ್ಲಿ ಎಲ್ಲವೂ ಸರಿಯಾಗಿ ಬಂತು.

ಮುಗಿದ ಮೇಲೆ ಬೂಟನ್ನು ಬಟ್ಟೆಯಿಂದ ಒರೆಸಿ ಡಬ್ಬಕ್ಕೆ ಹಾಕಿದ. ಅಂಗಡಿಗೆ ವಾಪಸು ಕೊಡುವ ಮಾತಾಗಿತ್ತಂತೆ.

"ಹಿಡೀರಿ ಪೈಪು ಇನ್ನ. ಹನ್ನೆರಡು ಹೊಡೀತು."

ಮೇ ತಿಂಗಳ ಹೈದರಾಬಾದು, ನಡುಹಗಲು. ಇಂಥ ಬಿಸಿಲಿನಲ್ಲಿ ಹುಲ್ಲಿಗೆ ನೀರು ಬಿಡುವ ಹುಚ್ಚರು ಎಲ್ಲಾದರೂ ಇದ್ದಾರೆಯೇ ಎಂದು ಯಾರಾದರೂ ಕೇಳಬಹುದು. ಇದ್ದಾರೆ. ಜೀಡಿಮೆಟ್ಲಾ ದಾಟಿ ಮುಂದೆ ಬಂದರೆ ಹರಿತವನಂ ಎಂಬ ನಾಲ್ಕು ಬ್ಲಾಕಿನ ಅಪಾರ್ಟ್‌ಮೆಂಟಿನಲ್ಲಿ ಇದ್ದಾರೆ. ಅಲ್ಲಿನ ಮನೆಗಳ ಕಕ್ಕಸು, ಬಚ್ಚಲು, ಮುಸುರೆಯ ನೀರೆಲ್ಲ ನೆಲದಡಿಯ ಪ್ಲಾಂಟಿಗೆ ಇಳಿದು, ಅಲ್ಲಿ ತಿಳಿಯಾದರೆ ತಿಳಿಯಾಗಿ, ಇಲ್ಲದಿದ್ದರೆ ಹಾಗೆಯೇ, ಪಂಪಿನಿಂದ ಮೇಲೆದ್ದು ತೋಟದ ಪೈಪಿಗೆ ಬರುತ್ತದೆ. ಹೀಗೆ ಬಳಸಲು ಸರಕಾರಿ ಕಚೇರಿಯ ಪರ್ಮಿಷನ್ ಬೇಕು. ಪರ್ಮಿಷನ್ನಿಗೆ ಅರ್ಜಿ ಬೇಕು. ಅರ್ಜಿಯಲ್ಲಿ ಒಂದು ಷರತ್ತು: ಈ ನೀರು ಬಿಡುವ ಹೊತ್ತಿನಲ್ಲಿ ಹುಲ್ಲಿನ ಮೇಲೆ ಮನುಷ್ಯರು ಇರಕೂಡದು.

ಬೆಳಗ್ಗೆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದು ಆರೋಗ್ಯ ಮಾಡಿಕೊಳ್ಳುವವರು ಇರುತ್ತಾರೆ. ಸಂಜೆ ಮಕ್ಕಳು, ಆಮೇಲೆ ನಾಯಿ ಹಿಡಿದವರು. ಮನುಷ್ಯರಾದವರು ಯಾರೂ ಹೊರಗೆ ಕಾಲಿಡದ ಹೊತ್ತು ಹನ್ನೆರಡರಿಂದ ಮೂರು. ಅಪಾರ್ಟ್‌ಮೆಂಟಿನ ಕಮಿಟಿಯವರು ಅದನ್ನೇ ಬರೆದು ಕೊಟ್ಟರು. ಆ ಮೂರು ತಾಸು ಶಿವದೇವಿ ಮತ್ತು ಉಳಿದ ಐವರು ನೆತ್ತಿಯ ಮೇಲೆ ಬೆಂಕಿ, ಕಣಕಾಲಿನವರೆಗೆ ಆ ನೀರು, ಹೀಗೆ ಬರಿಗಾಲಲ್ಲಿ ನಿಲ್ಲುತ್ತಿದ್ದರು.

"ಮೇಸ್ತ್ರಿ, ಆ ನಳದ್ದು ಏನಾತ್ರಿ?" ಪೈಪು ಎಳೆಯುತ್ತ ಶಿವದೇವಿ ಕೇಳಿದಳು.

"ಯಾವ ನಳಬೇ?"

"ಸಿ ಬ್ಲಾಕಿನ ಹಿಂದಿಂದರಿ. ಸೊಸಿ ಹಾಸಿಗಿ ಹಿಡದು ಹನ್ನೊಂದು ದಿನ ಆತು. ಸ್ವಚ್ಛ ನೀರು ಕುದಿಸಿ ಆರಿಸಿ ಕುಡಸ್ರಿ ಅಂದಾರ ಡಾಕ್ಟರು. ಕುದಿಸಾಕ ಮೊದ್ಲ ನೀರರ ಬೇಕಲ್ರಿ?"

"ನಿನ್ನ ಸೊಸಿಗೆ ಕಾಮಣಿ ಆದ್ರ ನಾ ಏನ್ ಮಾಡಬೇಕು? ನಾ ಏನ್ ಬಸರ ಮಾಡೀನೇನು? ಮುಚಗೊಂಡು ನೀರು ಹೊಡಿ, ರಂಡಿ. ಗುರುವಾರ ಕಚೇರಿ ಸಾಹೇಬ್ರು ಬರತಾರ. ಅಲ್ಲೀತನ ನಳ ಗಿಳ ಅಂತ ಬಾಯಿ ಬಿಟ್ಟಿ ಅಂದ್ರ ಶೆಡ್ಡು ಸಮೇತ ಕಿತ್ತು ಒಗಸ್ತೀನಿ."

ವಿನಾಯಕ ಸಿಂಧನೂರಿನವನು. ಇದೇ ಹುಲ್ಲಿಗೆ ಇದೇ ಪೈಪು ಹಿಡಿದು ಮೇಲೆ ಬಂದವನು. ಅವನ ಕಾಲಿನಲ್ಲೂ ಹಳೆಯ ಕಲೆಗಳಿದ್ದವು. ಈಗ ಅವುಗಳ ಮೇಲೆ ಸಾಕ್ಸು ಇತ್ತು.

ಆ ನಲ್ಲಿಯ ಕತೆಯನ್ನು ಹೇಳಿಬಿಡಬೇಕು. ಲಿಂಗಸುಗೂರು ಕಡೆಯ ಊರಿನಲ್ಲಿ ಶಿವದೇವಿಯ ಕೇರಿಯವರು ಬಾವಿಯ ಕಟ್ಟೆ ಹತ್ತುವ ಹಾಗಿರಲಿಲ್ಲ. ಕೊಡ ಕೆಳಗಿಟ್ಟು ಕೈಮುಗಿದು ನಿಂತರೆ ಮೇಲಿನವರು ಮನಸ್ಸು ಬಂದಾಗ ಸುರಿಯುತ್ತಿದ್ದರು. ಹೈದರಾಬಾದಿಗೆ ಬಂದು ಹನ್ನೊಂದು ವರ್ಷ. ಇಲ್ಲಿ ಯಾರೂ ಯಾವ ಕೇರಿ ಎಂದು ಕೇಳಲಿಲ್ಲ. ಕೇಳದೆಯೇ ನಲ್ಲಿ ಬೇರೆ ಮಾಡಿದರು.

ಹರಿತವನಂನ ಅಂಗಳದಲ್ಲಿ ಇಪ್ಪತ್ತು ನಲ್ಲಿಗಳು. ಸಿ ಬ್ಲಾಕಿನ ಹಿಂದೆ, ಕಸದ ಡಬ್ಬಗಳ ಪಕ್ಕದ ಒಂದರಲ್ಲಿ ಮಾತ್ರ ಮಂಜೀರಾ ಹೊಳೆಯ ಸಿಹಿನೀರು ಬರುತ್ತಿತ್ತು. ಕಾಂಪೌಂಡಿನ ಆಚೆ ಹೆಂಗಸರಿದ್ದ ತಗಡಿನ ಶೆಡ್ಡುಗಳಲ್ಲಿ ಒಂದು ಬೋರಿತ್ತು ನಿಜ, ಆದರೆ ಅದರ ಉಪ್ಪುನೀರಿನಲ್ಲಿ ಬೇಳೆ ಕೂಡ ಬೇಯುತ್ತಿರಲಿಲ್ಲ. ಅದಕ್ಕೇ ಶಿವದೇವಿ ತನ್ನ ಹಳೆಯ ಕುಪ್ಪಸ ಹರಿದು ಒಂದು ಕೆಂಪು ಚಿಂದಿಯನ್ನು ಸಿ ಬ್ಲಾಕಿನ ನಲ್ಲಿಯ ಕುತ್ತಿಗೆಗೆ ಕಟ್ಟಿದ್ದಳು. ಆರು ಮಂದಿಯಲ್ಲಿ ಒಬ್ಬಳಿಗೂ ಓದು ಬಾರದು. ಹೊಸದಾಗಿ ಕೆಲಸಕ್ಕೆ ಬಂದವಳಿಗೆ ಮೊದಲ ದಿನ ಹೇಳಿಕೊಡುತ್ತಿದ್ದದ್ದು ಒಂದೇ ಮಾತು: ಚಿಂದಿ ಇದ್ದ ನಳದ್ದು ಕುಡಿ, ಉಳಿದದ್ದು ಬಾಯಿಗೆ ಒಯ್ಯಬೇಡ. ಬಿಸಿಲಿಗೆ ಚಿಂದಿ ಬಿಳಿಚಿಕೊಂಡಾಗಲೆಲ್ಲ ಶಿವದೇವಿಯೇ ಹೊಸದು ಕಟ್ಟುತ್ತಿದ್ದಳು. ಮಗ ಕಾರ್ತಿಕ ಮದುವೆಯಾಗಿ ಹೆಂಡತಿ ಶೀತಲಳನ್ನು ಕರೆತಂದ ದಿನ ಸೊಸೆಗೆ ಮೊದಲು ತೋರಿಸಿದ್ದೂ ಅದನ್ನೇ. ಕಾರ್ತಿಕ ಗೋದಾಮಿನಲ್ಲಿ ಹಮಾಲಿ. ವಾರಕ್ಕೊಮ್ಮೆ ಮನೆಗೆ ಬರುವವನು. ಅತ್ತೆ ಸೊಸೆ ಇಬ್ಬರದೇ ಸಂಸಾರ.

ಯುಗಾದಿ ಕಳೆದ ವಾರ ಪ್ಲಂಬರುಗಳು ಬಂದು ನೆಲ ಅಗೆದರು, ನೇರಳೆ ಬಣ್ಣದ ಪೈಪು ಹಾಕಿದರು. ಸಿ ಬ್ಲಾಕಿನ ನಲ್ಲಿಯ ಹಿಂದೆ ಒಂದು ಬೋರ್ಡು ನೆಟ್ಟರು. ಇಂಗ್ಲಿಷಿನಲ್ಲೂ ತೆಲುಗಿನಲ್ಲೂ ಚೆಂದಾಗಿ ಬರೆದದ್ದು. ಆ ತೋಟದಲ್ಲಿ ಗಿಡಕ್ಕೊಂದು ಹೆಸರಿನ ಬೋರ್ಡು ಉಂಟು. ನಲ್ಲಿಯ ಪಕ್ಕದಲ್ಲಿ ಒಂದು ದಾಸವಾಳ ಇತ್ತು. ದಾಸವಾಳದ ಹೆಸರು ಬರೆದಿದ್ದಾರೆ ಅಂದುಕೊಂಡರು ಹೆಂಗಸರು. ಚಿಂದಿ ಅಲ್ಲಿಯೇ ಇತ್ತು. ಅದನ್ನು ಯಾರೂ ಬಿಚ್ಚಲಿಲ್ಲ, ಯಾರೂ ಏನೂ ಹೇಳಲಿಲ್ಲ.

ಒಂದೂವರೆ ತಿಂಗಳು ಅದನ್ನೇ ಕುಡಿದರು. ಮೊದಮೊದಲು ನೀರು ತಿಳಿಯಾಗಿಯೇ ಇತ್ತು. ಔಷಧಿಯ ಘಾಟು ಮಂಜೀರಾ ನೀರಿಗೂ ಇರುತ್ತದೆ. ಆಮೇಲೆ ಒಬ್ಬೊಬ್ಬರಿಗೇ ಹೊಟ್ಟೆ ಕೆಟ್ಟಿತು. ಬಿಸಿಲಿಗೆ ಅಂದುಕೊಂಡರು. ಐದು ತಿಂಗಳ ಬಸುರಿ ಶೀತಲ ಉಂಡದ್ದೆಲ್ಲ ಕಾರಿಕೊಂಡಳು. ಬಸುರಿಗೆ ಇದ್ದದ್ದೇ ಅಂದುಕೊಂಡರು. ಒಂದು ಬೆಳಗ್ಗೆ ಅವಳ ಕಣ್ಣಿನ ಬಿಳಿ ಅರಿಶಿನವಾಗಿತ್ತು. ಸರಕಾರಿ ದವಾಖಾನೆಯ ಡಾಕ್ಟರಮ್ಮ ನೋಡಿ, ಬಸುರಿಗೆ ಈ ಕಾಮಣಿ ಹಗುರಲ್ಲ, ಎರಡು ಜೀವದ ಮಾತು, ನೀರು ಎಲ್ಲಿಯದು ಕುಡಿಯುತ್ತೀರಿ ಎಂದು ಕೇಳಿದಳು.

ಅದನ್ನೇ ಶಿವದೇವಿ ಬಂದು ಗುರುಶಾಂತನಿಗೆ ಹೇಳಿದಳು. ಗುರುಶಾಂತ ಪ್ಲಾಂಟಿನ ಆಪರೇಟರು, ಮಸ್ಕಿಯ ಹುಡುಗ, ಐಟಿಐ ಓದಿದವನು. ಅವನ ಮುಖ ಇಳಿದುಹೋಯಿತು.

"ಅಕ್ಕಾ, ನೀವು ಎಲ್ಲೀದು ತರತೀರಿ?"

"ಸಿ ಬ್ಲಾಕಿನ ನಳದ್ದಪಾ. ಚಿಂದಿ ಕಟ್ಟೀನಲ್ಲ."

"ಅಕ್ಕಾ... ಆ ನಳಕ್ಕ ಯುಗಾದಿ ಆದಮ್ಯಾಲೆ ನಮ್ಮ ಪ್ಲಾಂಟಿನ ಲೈನು ಕೊಟ್ಟಾರ. ನಿಮಗ ಮೇಸ್ತ್ರಿ ಹೇಳಿಲ್ಲೇನು?"

"ಪ್ಲಾಂಟಿಂದು ಅಂದ್ರ?"

"ಹುಲ್ಲಿಗೆ ಹೊಡೀತೀರಲ್ಲ, ಅದ. ಅದ ನೀರು. ಕರೆಂಟು ಉಳಸ್ರಿ ಅಂತ ಕಮಿಟಿಯವರು ಹಗಲೆಲ್ಲ ನೀರಿಗೆ ಗಾಳಿ ಊದೂ ಮಷಿನ್ನು ಬ್ಯಾರೆ ಬಂದ್ ಮಾಡಸ್ಯಾರ. ಅದೇನು ಶುದ್ಧ ಆಗತೈತಿ, ಮಣ್ಣು!"

ಶಿವದೇವಿ ನಲ್ಲಿಯ ಹತ್ತಿರ ಓಡಿದಳು, ಹಿಂದೆಯೇ ಗುರುಶಾಂತ. ಚಿಂದಿ ಬಿಚ್ಚಲು ಹೋದರೆ ಬರಲಿಲ್ಲ. ತಾನೇ ಕಟ್ಟಿದ್ದು, ಗಾಳಿಗೆ ಹೋಗದಿರಲಿ ಎಂದು ಬಿಗಿಯಾಗಿಯೇ ಕಟ್ಟಿದ್ದಳು. ಕೊನೆಗೆ ಕುಡುಗೋಲಿನಿಂದ ಕೊಯ್ದು ಸೊಂಟಕ್ಕೆ ಸಿಕ್ಕಿಸಿಕೊಂಡು ಅಲ್ಲೇ ಕುಸಿದಳು.

"ನನ್ನ ಕೈಯಾರ ಕುಡಿಸಿದ್ನೆಲ್ಲೋ ಗುರುಶಾಂತಾ! ಮಂದಿ ಹೇಲುಚ್ಚಿ ನೀರು ನನ್ನ ಕೈಯಾರ ಬಸರ ಹೆಂಗಸಿಗೆ ಕುಡಿಸಿದ್ನೆಲ್ಲೋ!"

ಅಂದಿನಿಂದ ಅವಳು ದಿನಾ ಬೆಳಗ್ಗೆ ಮೈಲು ದೂರದ ಹೋಟೆಲಿನ ಹಿಂಬಾಗಿಲಲ್ಲಿ ನಿಂತು, ಹಂಡೆ ತಿಕ್ಕಿಕೊಟ್ಟು ಒಂದು ಬಿಂದಿಗೆ ತರುತ್ತಿದ್ದಳು. ಅವರ ನಲ್ಲಿಯಲ್ಲಿ ನೀರು ಬಾರದ ದಿನ ಬರಿಗೈ.

ಮೇಸ್ತ್ರಿ ಬೈದ ಮರುದಿನ, ಮಂಗಳವಾರ, ಅವಳು ಕ್ಲಬ್‌ಹೌಸಿಗೆ ಹೋದಳು. ಅಪಾರ್ಟ್‌ಮೆಂಟಿನ ಸೆಕ್ರೆಟರಿ ದಿನೇಶ ಅಲ್ಲಿ ಕೂಡುತ್ತಿದ್ದ. ಮೈಸೂರಿನವನು, ನಮ್ಮ ಕನ್ನಡದವನು ಎಂಬ ಧೈರ್ಯ ಶಿವದೇವಿಗೆ. ನವೆಂಬರಿನಲ್ಲಿ ಪೇಟ ಸುತ್ತಿಕೊಂಡು ಕನ್ನಡ ಹಬ್ಬ ಮಾಡಿದಾಗ ತೋಟದ ಹೆಂಗಸರಿಗೂ ಒಂದೊಂದು ಲಾಡು ಕೊಟ್ಟು, ನೀವೆಲ್ಲ ನಮ್ಮೋರು ಕಣ್ರಮ್ಮ ಎಂದಿದ್ದ ಆತ.

ಕ್ಲಬ್‌ಹೌಸಿನ ಬಾಗಿಲ ಹೊರಗೆ ಸ್ಟೀಲಿನ ಕೂಲರ್ ಇತ್ತು. ನಡೆದು ದಣಿದವರಿಗೆ ತಣ್ಣನೆಯ ಮಂಜೀರಾ ನೀರು. ಅದರ ಬುಡದಲ್ಲಿ ನಾಯಿಗಳಿಗೊಂದು ಬೋಗುಣಿ. ದಿನಾ ಬೆಳಗ್ಗೆ ಆ ಬೋಗುಣಿ ತೊಳೆದು ಕೂಲರಿನ ನೀರು ತುಂಬುವ ಕೆಲಸ ಶಿವದೇವಿಯದೇ. ವಾಚ್‌ಮನ್ ಪಕ್ಕದಲ್ಲಿ ನಿಂತು ನೋಡುತ್ತಿದ್ದ, ಬೋಗುಣಿಗೆ ಮಾತ್ರ ಹಿಡಿದಳೋ ಇಲ್ಲವೋ ಎಂದು.

"ಅಲ್ಲೇ ನಿಂತ್ಕೊಳಮ್ಮ, ಒಳಗೆ ಬರ್ಬೇಡ," ದಿನೇಶ ಕಂಪ್ಯೂಟರಿನಿಂದ ತಲೆಯೆತ್ತಿ ಹೇಳಿದ. "ಕಾಲು ನೋಡು ಹೇಗಿದೆ. ಏನು ಹೇಳು."

ಶಿವದೇವಿ ಹೊಸ್ತಿಲಾಚೆ ನಿಂತು ಎಲ್ಲವನ್ನೂ ಹೇಳಿದಳು. ಆತ ಕೇಳಿ ಮುಗಿಸಿ, ಒಂದು ದೊಡ್ಡ ನಕ್ಷೆ ತೆಗೆದು ಮೇಜಿನ ಮೇಲೆ ಹರಡಿ ಬೆರಳಿಟ್ಟ.

"ನೋಡಮ್ಮ, ನನಗೂ ಬೇಜಾರಾಗುತ್ತೆ. ಆದ್ರೆ ಆ ನಲ್ಲಿ ಇಲ್ಲಿ ಹದಿನೇಳನೇ ನಂಬರು. ತೋಟದ ನಲ್ಲಿ ಅಂತ ತೋರ್ಸಿದೀವಿ. ಈಗ ಪೈಪು ಬದಲಾಯ್ಸಿದ್ರೆ ನಕ್ಷೆ ಬದಲಾಗುತ್ತೆ. ನಕ್ಷೆ ಬದಲಾದ್ರೆ ಅರ್ಜಿ ಮೊದಲಿಂದ. ಎಂಟು ತಿಂಗಳು ಅಲೆದಿದೀನಿ ನಾನು ಈ ಪರ್ಮಿಷನ್‌ಗೆ, ಗೊತ್ತಾ?"

"ಅದು ಬ್ಯಾಡ ಬಿಡ್ರಿ ಸಾಹೇಬ್ರ. ನಮಗ ಬ್ಯಾರೆ ಒಂದು ನಳ ಹಾಕಸ್ರಿ. ಎಲ್ಲೆರ ಮೂಲ್ಯಾಗ, ಒಂದ ಸಾಕು."

"ಪರ್ಮಿಷನ್ ಬರ್ಲಿ. ಮುಂದಿನ ಮೀಟಿಂಗ್‌ನಲ್ಲಿ ಇಡ್ತೀನಿ."

"ಅಲ್ಲೀತನ ಈ ತಣ್ಣೀರಿನ ಡಬ್ಬೀದು ದಿನಕ್ಕ ಒಂದು ಕೊಡ ಒಯ್ಯಲೇನ್ರಿ? ಹುಡುಗಿ ಭಾಳ ಸೊರಗೈತ್ರಿ."

"ಅದು ರೆಸಿಡೆಂಟ್ಸ್‌ಗಮ್ಮ. ಇವತ್ತು ನಿಂಗೆ ಕೊಟ್ರೆ ನಾಳೆ ಎಲ್ರೂ ಕೊಡ ತಗೊಂಡು ಬರ್ತಾರೆ."

"ನಾಯಿ ಕುಡೀತಾವಲ್ರಿ, ಸಾಹೇಬ್ರ."

ದಿನೇಶ ಅವಳಿಗೆ ತಿಳಿಯುವಂತೆ ನಿಧಾನವಾಗಿ ಹೇಳಿದ: "ನಾಯಿ ರೆಸಿಡೆಂಟ್ಸ್‌ದಮ್ಮ."

ಬೈದಿದ್ದರೆ ಅವಳೂ ಬೈದು ಬರುತ್ತಿದ್ದಳು. ಆತ ಬೈಯಲಿಲ್ಲ. ಅವಳು ಹೊರಳಿದಾಗ ಹಿಂದಿನಿಂದ ಹುಡುಗನೊಬ್ಬನನ್ನು ಕರೆದು, ಆ ಹೊಸ್ತಿಲ ಹತ್ತಿರ ಒಂಚೂರು ಫಿನಾಯಿಲ್ ಹಾಕಿ ಒರೆಸು ಎಂದದ್ದು ಕೇಳಿಸಿತು.

ಬುಧವಾರ ಹೋಟೆಲಿನಲ್ಲಿ ನೀರು ಸಿಗಲಿಲ್ಲ. ಕಾದ ತಗಡಿನ ಕೆಳಗೆ ಶೀತಲ ಚಾಪೆಯ ಮೇಲೆ ಮುದುರಿಕೊಂಡಿದ್ದಳು. ತುಟಿ ಒಡೆದಿತ್ತು.

"ಅತ್ತಿ, ಒಂದು ಗುಟುಕು..."

ಬಿಂದಿಗೆ ಬಗ್ಗಿಸಿದರೆ ನಿನ್ನೆಯದು ಅರ್ಧ ಲೋಟ ಬಂತು. ಶಿವದೇವಿ ತಲೆಯೆತ್ತಿ ಹಿಡಿದು ಕುಡಿಸಿದಳು. ಎರಡು ಗುಟುಕು ಕುಡಿದು ಶೀತಲ ಬಾಯಿ ಬಿಗಿಹಿಡಿದಳು. ಹಳದಿ ಕಣ್ಣು ತೆರೆದು ಕೇಳಿದಳು, "ಚಿಂದಿ ಕಟ್ಟಿದ ನಳದ್ದ ಹೌದಲ್ಲತ್ತಿ? ಬ್ಯಾರೆದ್ದಾದ್ರ ಕೂಸಿಗೆ ಏನರ ಆದೀತು."

ಶಿವದೇವಿಯ ಸೊಂಟದಲ್ಲಿದ್ದ ಚಿಂದಿಯ ಗಂಟು ಚುಚ್ಚುತ್ತಿತ್ತು.

"ಹೌದವ್ವ. ಚಿಂದಿ ನಳದ್ದ. ಕುಡಿ."

ಗುರುವಾರ ಬೆಳಗ್ಗೆ ಎಂಟಕ್ಕೆ ಒಂದು ಟ್ಯಾಂಕರ್ ಬಂತು. ಸಿಹಿನೀರಿನದು. ಹೆಂಗಸರು ಕೊಡ ಹಿಡಿದುಕೊಂಡು ಓಡಿದರು. ಟ್ಯಾಂಕರ್ ಶೆಡ್ಡಿನ ಕಡೆ ತಿರುಗಲಿಲ್ಲ, ಸೀದಾ ಪ್ಲಾಂಟಿನ ಮೇಲೆ ನಿಂತಿತು. ತೊಳೆದಿಟ್ಟಿದ್ದ ಕೊನೆಯ ತೊಟ್ಟಿಗೆ, ಸಾಹೇಬರು ಬಾಟಲಿ ಅದ್ದುವ ತೊಟ್ಟಿಗೆ, ಕೊಳವೆ ಇಳಿಬಿಟ್ಟರು. ಬೆರಳು ಗಾತ್ರದ ಬೆಳ್ಳನೆಯ ಧಾರೆಯಲ್ಲ, ತೊಡೆ ಗಾತ್ರದ್ದು. ಗುರುಶಾಂತ ತಲೆ ಎತ್ತದೆ ಕೊಳವೆ ಹಿಡಿದುಕೊಂಡಿದ್ದ.

"ಒಂದೊಂದು ಕೊಡ ಹಿಡಕೋತೀವ್ರಿ ಮೇಸ್ತ್ರಿ," ಹುಲಿಗೆಮ್ಮ ಕೊಡ ಒಡ್ಡಿದಳು.

ವಿನಾಯಕ ಕೊಡಕ್ಕೆ ಒದ್ದ. ಅದು ಟಣಟಣ ಉರುಳಿ ಗೋಡೆಗೆ ಬಡಿಯಿತು. "ಸ್ಯಾಂಪಲ್ಲಿನ ನೀರು ಐತಿ ಅದು, ಬೋಸುಡಿ! ಎಲ್ಲಾರೂ ನಡೀರಿ ಪಂಪಿನ ಕೋಣಿಗೆ. ಸಾಹೇಬ್ರು ಹೋಗೂತನ ಒಬ್ಬಾಕಿನೂ ಹೊರಗ ತಲಿ ಹಾಕಬಾರದು. ನೀರು ಬಿಡೂ ಮುಂದ ಹುಲ್ಲಿನ ಮ್ಯಾಲೆ ಮನಷ್ಯಾರು ಇರಬಾರದಂತ ರೂಲು ಐತಿ."

"ಅಯ್ಯ ಯವ್ವ!" ಹುಲಿಗೆಮ್ಮ ಕೊಡ ಎತ್ತಿಕೊಳ್ಳುತ್ತ ಅಂದಳು. "ಇವತ್ತರ ನಮ್ಮನ್ನ ಮನಷ್ಯಾರು ಅಂದ್ನಲ್ಲ ಮೇಸ್ತ್ರಿ!"

ಆರು ಮಂದಿಯನ್ನೂ ಕೊಡ ಸಮೇತ ಒಳಗೆ ಹಾಕಿ ಹೊರಗಿನಿಂದ ಚಿಲಕ ಜಡಿದ. ನೆಲಮಾಳಿಗೆಯ ಕೋಣೆ. ಪಂಪಿನ ಸೋರಿಕೆಯ ನೀರು ಪಾದ ಮುಳುಗುವಷ್ಟು ನಿಂತಿತ್ತು. ಅದರಡಿ ಕಪ್ಪು ರಾಡಿ. ಕೂಡುವ ಹಾಗಿಲ್ಲ. ಮೂಗಿಗೆ ಸೆರಗು ಒತ್ತಿಕೊಂಡು ಗೋಡೆ ಹಿಡಿದು ನಿಂತರು. ಮೇಲಿನ ಜಾಲರಿಯಲ್ಲಿ ಕಣ್ಣಿಟ್ಟರೆ ಹುಲ್ಲು ಕಾಣುತ್ತಿತ್ತು. ಬಾಡಿಗೆಗೆ ತಂದ ನಾಲ್ಕು ಕಾರಂಜಿಗಳು ತಾವೇ ಗಿರಗಿರ ತಿರುಗಿ ನೀರು ಚಿಮ್ಮುತ್ತಿದ್ದವು. ಸುತ್ತ ಒಂದು ನರಪಿಳ್ಳೆ ಇಲ್ಲ.

ಸಾಹೇಬರು ಬಂದರು. ತೆಲುಗಿನವರು, ಬಿಸಿಲಿಗೆ ಕೆಂಪಾಗಿದ್ದರು, ಗಡಿಬಿಡಿಯಲ್ಲಿದ್ದರು. ತೊಟ್ಟಿಯ ನೀರನ್ನು ಬಾಟಲಿಗೆ ತುಂಬಿ ಸೂರ್ಯನಿಗೆ ಹಿಡಿದು ನೋಡಿ ತಲೆಯಾಡಿಸಿದರು. ಫೈಲಿನಲ್ಲಿ ಒಂದೊಂದೇ ಸಾಲಿನ ಮುಂದೆ ಗೀಟು ಹಾಕುತ್ತ ನಡೆದರು. ಮನುಷ್ಯರ ಮೈಗೆ ಈ ನೀರು ತಾಗುತ್ತದೆಯೇ ಎಂದು ಕೇಳಿದರು. ದಿನೇಶ ಕಾರಂಜಿಗಳ ಕಡೆ ಕೈ ತೋರಿಸಿ, ಎಲ್ಲ ಆಟೋಮ್ಯಾಟಿಕ್ ಸರ್, ಯಾರಿಗೂ ಇಲ್ಲ ಎಂದ. ಸಾಹೇಬರು 'ಇಲ್ಲ' ಎಂದು ಬರೆದರು. ಹೆಂಗಸರು ಜಾಲರಿಯ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಹನ್ನೊಂದು ವರ್ಷದಲ್ಲಿ ತೆಲುಗು ಯಾರಿಗೂ ಹೊಸದಾಗಿ ಉಳಿದಿರಲಿಲ್ಲ.

ಆಮೇಲೆ ಸಾಹೇಬರು ಫೈಲಿನ ಕೊನೆಯ ಹಾಳೆ ತಿರುವಿ ನಿಂತರು. ತೋಟ ನೋಡಿಕೊಳ್ಳುವ ಕೂಲಿಗಳ ಒಪ್ಪಿಗೆ ಪತ್ರ ಖಾಲಿ ಇದೆಯಲ್ಲ, ಫೋಟೋ ಇದೆ, ಹೆಬ್ಬೆಟ್ಟೆಲ್ಲಿ? ತಮ್ಮ ಎದುರಿಗೇ ಒತ್ತಬೇಕು. ಇಲ್ಲದಿದ್ದರೆ ಫೈಲು ಮುಂದೆ ಹೋಗುವುದಿಲ್ಲ.

ಚಿಲಕ ತೆಗೆದ ಸದ್ದಾಯಿತು. "ಬರ್ರಿ, ಬರ್ರಿ, ಲಗೂನ ಬರ್ರಿ," ವಿನಾಯಕ ಏದುಸಿರು ಬಿಡುತ್ತಿದ್ದ.

ಹುಲ್ಲಿನ ಮೇಲೆ ದೊಡ್ಡ ಕೊಡೆಯ ನೆರಳಲ್ಲಿ ಮೇಜು, ಗೋಡಂಬಿಯ ತಟ್ಟೆ, ಫೈಲು, ನೇರಳೆ ಶಾಯಿಯ ಪ್ಯಾಡು. ಆರು ಹೆಂಗಸರು ಕೊಡ ಕೆಳಗಿಟ್ಟು ಬಿಸಿಲಲ್ಲಿ ಸಾಲಾಗಿ ನಿಂತರು. ಕಾಲಿನಿಂದ ಕಪ್ಪು ನೀರು ಇಳಿದು ಹುಲ್ಲಿಗೆ ಹತ್ತುತ್ತಿತ್ತು. ಮೊದಲು ಶಿವದೇವಿ.

"ಇದರಾಗ ಏನು ಬರದಾರ್ರಿ?" ಎಂದು ಕೇಳಿದಳು.

"ನಿಮ್ಮಪ್ಪನ ಆಸ್ತಿ ಬರದಾರ. ಒತ್ತಬೇ!"

"ಗುರುಶಾಂತಾ, ಓದಪಾ."

ಗುರುಶಾಂತ ದಿನೇಶನ ಕಡೆ ನೋಡಿದ. ದಿನೇಶ ಕಣ್ಣಲ್ಲೇ ಬೇಡವೆಂದ. ಗುರುಶಾಂತನಿಗೆ ಈ ನೌಕರಿ ಬಿಟ್ಟರೆ ಮಸ್ಕಿಯಲ್ಲಿ ಕಾಯುವ ನಾಲ್ಕು ಬಾಯಿಗಳು. ಅವನು ಮೇಜಿನ ಹತ್ತಿರ ಬಂದು, ಹಾಳೆ ಎತ್ತಿಕೊಂಡು ಓದಿದ.

"ತ್ವಾಟದ ಆರು ಮಂದಿಗೂ ಬೂಟು, ಗ್ಲೌಸು ಕೊಟ್ಟಾರ. ವರ್ಷಕ್ಕ ಎರಡು ಸಲ ಡಾಕ್ಟರು ನೋಡ್ಯಾರ. ಕುಡಿಯಾಕ ಬ್ಯಾರೆ ಸೀ ನೀರಿನ ನಳ ಕೊಟ್ಟಾರ. ಈ ನೀರಿನಿಂದ ನಮಗ ಯಾರಿಗೂ ಏನೂ ಆಗಿಲ್ಲ. ಇದು ನಮ್ಮ ಸ್ವಂತ ಮಾತು."

"ಎಲ್ಲೈತ್ರಿ ಆ ನಳ?" ಶಿವದೇವಿ ದಿನೇಶನನ್ನೇ ನೋಡಿ ಕೇಳಿದಳು.

ಆಕೆ ಏನು ಹೇಳುತ್ತಿದ್ದಾಳೆ ಎಂದು ಸಾಹೇಬರು ತೆಲುಗಿನಲ್ಲಿ ಕೇಳಿದರು. ಕೂಲಿ ಜಾಸ್ತಿ ಮಾಡಿ ಅಂತಿದ್ದಾಳೆ ಸರ್ ಎಂದ ದಿನೇಶ.

"ಕಾದು ಸಾರ್, ಅಲ್ಲ!" ಶಿವದೇವಿ ತೆಲುಗಿನಲ್ಲೇ ದನಿ ಏರಿಸಿದಳು. "ನೀಳ್ಳು! ತಾಗೇ ನೀಳ್ಳು ಲೇವು ಸಾರ್. ಕುಡಿಯಾಕ ನೀರಿಲ್ಲ."

ಸಾಹೇಬರು ಗಡಿಯಾರ ನೋಡಿಕೊಂಡರು. ಅದು ನಿಮ್ಮ ನಿಮ್ಮೊಳಗಿನ ವಿಷಯ, ನನ್ನ ಫೈಲಿನಲ್ಲಿ ಅದಕ್ಕೆ ಜಾಗವಿಲ್ಲ, ನನಗೆ ಆರು ಹೆಬ್ಬೆಟ್ಟು ಬೇಕು ಅಷ್ಟೆ ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವರಿಗೆ ಅದೇ ದಿನ ನಾಚಾರಂನಲ್ಲಿ ಇನ್ನೊಂದು ಫೈಲು ಇತ್ತು.

ದಿನೇಶ ಹತ್ತಿರ ಬಂದು ಮೆತ್ತಗೆ ಹೇಳಿದ. "ಒತ್ತಮ್ಮ. ಒತ್ಬಿಡು. ನಾಳೆನೇ ನಲ್ಲಿ ಹಾಕಿಸ್ತೀನಿ, ನನ್ನಾಣೆ."

"ನಾಳೆ ಹಾಕಸ್ರಿ. ನಾಳೆನ ಒತ್ತತೀನಿ."

"ಇಕಿ ಹಿಂಗ ಕೇಳಾಕಿ ಅಲ್ರಿ ಸರ್," ಎಂದು ವಿನಾಯಕ ನುಗ್ಗಿ ಅವಳ ಮಣಿಕಟ್ಟು ಹಿಡಿದು ತಿರುಚಿದ. ಹೆಬ್ಬೆರಳನ್ನು ಪ್ಯಾಡಿಗೆ ಒತ್ತಿ ಹಾಳೆಯ ಕಡೆ ಎಳೆದ. ಬಳೆ ಒಡೆದು ಫೈಲಿನ ಮೇಲೆ ಬಿತ್ತು.

"ಕೈ ಬಿಡೋ ಭಾಡ್ಯಾ!" ಶಿವದೇವಿ ಕೊಸರಿ ಬಿಡಿಸಿಕೊಂಡಳು. "ನನಗೇನು ಕೈ ಇಲ್ಲೇನು? ನಾನ ಒತ್ತತೀನಿ. ಇಲ್ಲೆ ಕೊಡು."

ಎಲ್ಲರೂ ಉಸಿರು ಬಿಟ್ಟರು. ಅವಳು ಫೈಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಕುಕ್ಕರಗಾಲಲ್ಲಿ ಕೂತು ಒತ್ತುವವಳಂತೆ ಹುಲ್ಲಿನ ಮೇಲೆ ಬಿಡಿಸಿಟ್ಟಳು. 'ಇಲ್ಲ' ಎಂದು ಬರೆದ ಹಾಳೆ ಮೇಲೆ ಬಂದಿತ್ತು. ಅವಳು ಕೂಡಲಿಲ್ಲ. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು, ಬಲಗಾಲನ್ನು ಅದರ ಮೇಲಿಟ್ಟು ಊರಿ ನಿಂತಳು.

ಆ ಕಾಲನ್ನು ಸಾಹೇಬರು ಆಗ ನೋಡಿದರು. ಕಣಕಾಲಿನ ಸುತ್ತ ತೊಗಲು ಎದ್ದು ಕೆಂಪು ಮಾಂಸ ಕಾಣುತ್ತಿತ್ತು. ಬೆರಳ ಸಂದಿಗಳು ಬೆಳ್ಳಗೆ ಕೊಳೆತಿದ್ದವು. ಹೆಬ್ಬೆರಳಿಗೆ ಉಗುರಿರಲಿಲ್ಲ.

"ಹೆಬ್ಬಟ್ಟಿನ ಮ್ಯಾಲೆ ಏನೂ ಇಲ್ರಿ ಸಾಹೇಬ್ರ," ಅವಳು ಹೇಳಿದಳು. "ನಿಮ್ಮ ನೀರು ತಾಗಿದ್ದು ಇಲ್ಲಿ. ಇದನ್ನ ಹಚ್ಚಕೋರಿ ಫೈಲಿಗೆ."

ಕಾಲು ತೆಗೆದಾಗ ಹಾಳೆಯ ತುಂಬ ಕಪ್ಪು ರಾಡಿಯ ಪಾದ ಮೂಡಿತ್ತು. ಐದು ಬೆರಳು, ಹಿಮ್ಮಡಿ, ಬಿರುಕು, ನಡುವೆ ಒಂದು ಕಡೆ ಕೀವು ಮತ್ತು ರಕ್ತ. ಸಾಹೇಬರು ಕರವಸ್ತ್ರ ಮೂಗಿಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು.

"ಏಯ್! ಏನೇ ಮಾಡ್ದೆ ಇದು!" ದಿನೇಶನ ದನಿ ಮೊದಲ ಬಾರಿಗೆ ಕೀರಿತು. "ಎಂಟು ತಿಂಗಳು! ಎಂಟು ತಿಂಗಳ ಕೆಲ್ಸ ಕಣೇ, ದರಿದ್ರದವಳೇ! ಎತ್ತಿಕೋ ಅದನ್ನ, ಒರೆಸು!"

ವಿನಾಯಕ ಅವಳ ಕೆನ್ನೆಗೆ ಬಾರಿಸಿದ. ಆ ಸದ್ದಿನ ಹಿಂದೆಯೇ ಹುಲಿಗೆಮ್ಮ ಮುಂದೆ ಬಂದು ತನ್ನ ಅಗಲ ಪಾದವನ್ನು ಫೈಲಿನ ಮೇಲೆ ಇಟ್ಟಳು. ಈ ಸಲ ಅದು ಪೂರ್ತಿ ಹಿಡಿಸಿತು.

"ನಂದೂ ಬರಕೋರಿ," ಎಂದಳು.

ಫೈಲನ್ನು ಯಾರೂ ಎತ್ತಲಿಲ್ಲ. ಮುಟ್ಟುವವರೇ ಇರಲಿಲ್ಲ. ಶಿವದೇವಿ ಬಾಯಿಗೆ ಬಂದ ರಕ್ತ ಉಗುಳಿ, ಕೊಡ ಎತ್ತಿ ಬಗಲಿಗಿಟ್ಟುಕೊಂಡು ನಡೆದಳು. ಗೇಟಿನ ಕಡೆಗೆ ಹೊರಟಳೆಂದು ದಾರಿ ಬಿಟ್ಟರು. ಅವಳು ಕ್ಲಬ್‌ಹೌಸಿನ ಕಡೆ ಹೊರಳಿದಳು. ಒದ್ದೆ ಕಾಲಿನಲ್ಲೇ ಕಲ್ಲುಹಾಸಿನ ಮೇಲೆ ಹತ್ತಿ ಸ್ಟೀಲಿನ ಕೂಲರಿನ ಮುಂದೆ ನಿಂತಳು. ನಾಯಿಯ ಬೋಗುಣಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು. ಸೊಂಟದಲ್ಲಿದ್ದ ಕೆಂಪು ಚಿಂದಿ ತೆಗೆದು ನಲ್ಲಿಯ ಕುತ್ತಿಗೆಗೆ ಎರಡು ಸುತ್ತು ಸುತ್ತಿ, ಮೊದಲಿನಂತೆಯೇ ಬಿಗಿಯಾಗಿ ಗಂಟು ಹಾಕಿದಳು. ಕೊಡ ಕೆಳಗಿಟ್ಟು ನಲ್ಲಿ ತಿರುಗಿಸಿದಳು.

ವಾಚ್‌ಮನ್ ಲಾಠಿ ಹಿಡಿದು ಎದ್ದ. ವಿನಾಯಕ ಗೇಟಿನ ಇಬ್ಬರನ್ನು ಕೂಗಿ ಕರೆಯುತ್ತ ಹುಲ್ಲಿನ ಮೇಲಿಂದ ಓಡಿಬರುತ್ತಿದ್ದ. ಅವನಿಗಿಂತ ಮೊದಲು ಹುಲಿಗೆಮ್ಮ ಬಂದಳು, ಅವಳ ಹಿಂದೆ ಉಳಿದ ನಾಲ್ವರು. ನೆಗ್ಗಿದ ಕೊಡ, ಪ್ಲಾಸ್ಟಿಕ್ ಕೊಡ, ಕೈಲಿದ್ದದ್ದನ್ನು ಇಟ್ಟು ಸಾಲು ಹಚ್ಚಿದರು.

ಶಿವದೇವಿ ಹೊರಳಿ ನೋಡಲಿಲ್ಲ. ಸಣ್ಣ ಧಾರೆ, ಕೊಡ ಇನ್ನೂ ಅರ್ಧ ತುಂಬಿರಲಿಲ್ಲ.